ನಾನು ಕೂಡಿಸಿದ ನಗು

ಫಕೀರಪ್ಪ ಅವರ ಮುಖದ ಮೇಲೆ ಆ ನಗುವನ್ನು ತಂದಿಟ್ಟವಳು ನಾನು. ಮಹಾದೇವಿಯವರ ಮಾತಿಗೆ ಅವರು ನಕ್ಕಿರಲಿಲ್ಲ. ನಾಲ್ಕು ವರ್ಷ ಇದನ್ನು ಮುಚ್ಚಿಟ್ಟೆ. ಯಾರೂ ಕೇಳಲಿಲ್ಲವೆಂದಲ್ಲ — ಸ್ವತಃ ಫಕೀರಪ್ಪ ಅವರೇ ಕೇಳಿದ್ದರು.

ಬೈಲಹೊಂಗಲದ ಒಂದು ಸಣ್ಣ ವಿಡಿಯೋ ಕಂಪನಿಯಲ್ಲಿ ನನ್ನ ಕೆಲಸ. ಮೊಬೈಲಿನಲ್ಲಿ ನೋಡುವಂಥ ಕಾರ್ಯಕ್ರಮಗಳು. ವಾರಕ್ಕೊಂದು ಚರ್ಚೆ — ವರದಕ್ಷಿಣೆ, ಮರುಮದುವೆ, ಹೆಣ್ಣು ಸಿಗದ ಗಂಡುಗಳು. ಅದರ ಜೊತೆಗೊಂದು ಜೋಡಿ ಕಾರ್ಯಕ್ರಮ: ಒಂದು ಗಂಡು, ಒಂದು ಹೆಣ್ಣು, ನಡುವೆ ಪರದೆ. ಒಂದು ತಾಸು ಮಾತು. ಇಬ್ಬರೂ ಒಪ್ಪಿದರೆ ಮಾತ್ರ ಪರದೆ ಸರಿಯುತ್ತಿತ್ತು. ಎರಡೂ ಕಡೆ ಕ್ಯಾಮರಾ. ಎಡಿಟಿಂಗ್ ನನ್ನದು, ಇಬ್ಬರ ಮುಖವನ್ನೂ ಒಟ್ಟಿಗೆ ನೋಡುತ್ತಿದ್ದವಳು ನಾನೊಬ್ಬಳೇ.

ಮಹಾದೇವಿಯವರು ಸವದತ್ತಿಯಲ್ಲಿ ಹೊಲಿಗೆ ಕಲಿಸುವವರು. ಗಂಡ ತೀರಿ ಆರು ವರ್ಷವಾಗಿತ್ತು. ಫಕೀರಪ್ಪ ರಾಮದುರ್ಗದವರು, ಶಾಲೆಯ ಬಸ್ಸು ಓಡಿಸುತ್ತಿದ್ದರು. ಚಚಡಿಯ ಒಂದು ಹಳೆಯ ಮನೆಯ ಪಡಸಾಲೆಯಲ್ಲಿ ಶೂಟಿಂಗ್. ಶುರುವಿನಲ್ಲೇ ಒಂದು ಆಡು ಒಳಗೆ ನುಗ್ಗಿ ಪರದೆಯ ಅಂಚು ಜಗಿಯತೊಡಗಿತು. ಫಕೀರಪ್ಪ ಸದ್ದಿಲ್ಲದೆ, ಮುಖ ತುಂಬ ನಕ್ಕರು. ಆಮೇಲೆ ಮಾತಿನ ನಡುವೆ ಮಹಾದೇವಿಯವರು ಹೇಳಿದರು: "ನಮ್ಮವರು ಹೋದ ಮ್ಯಾಲ, ಊಟ ಆತೇನು ಅಂತ ನನ್ನ ಯಾರೂ ಕೇಳಿಲ್ರಿ."

ಪರದೆಯಾಚೆ ಮೌನ. ಮಹಾದೇವಿಯವರಿಗೆ ಕೇಳಿಸಿದ್ದು ಅಷ್ಟೇ. ನಾನು ಕಂಡದ್ದು — ಫಕೀರಪ್ಪ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡದ್ದನ್ನು. ಕೊನೆಗೆ ಇಬ್ಬರೂ ಹೂಂ ಎಂದರು. ಪರದೆ ಸರಿಯಿತು.

ನಮ್ಮ ಮಾಲೀಕರು ಕಂತಿಗೆ ಮುಂಚೆ ಬಿಡಬೇಕಿದ್ದ ಪ್ರೋಮೋ ನೋಡಿ, "ಸಪ್ಪಗ ಆತವ್ವಾ, ಏನಾರ ಹಿಡಿಯೂವಂಥದ್ದು ಬೇಕು" ಎಂದರು. ಅಷ್ಟೇ ಎಂದದ್ದು. ಹೀಗೆ ಮಾಡು ಅಂತ ಯಾರೂ ಹೇಳಲಿಲ್ಲ. ಆಡಿಗೆ ನಕ್ಕ ನಗುವನ್ನು ಎತ್ತಿ ಮಹಾದೇವಿಯವರ ಮಾತಿನ ಬೆನ್ನಿಗೆ ಕೂಡಿಸಿದೆ. ಎರಡು ನಿಮಿಷದ ಕೆಲಸ. ಚೆನ್ನಾಗಿ ಕೂತಿತು ಎಂದು ಖುಷಿಯೂ ಆಯಿತು — ಅದನ್ನೂ ಹೇಳಿಬಿಡಬೇಕು.

ನಮ್ಮ ಯಾವ ಪ್ರೋಮೋವನ್ನೂ ಅಷ್ಟು ಜನ ನೋಡಿರಲಿಲ್ಲ. ವಿಧವೆಯ ದುಃಖಕ್ಕೆ ಹಲ್ಲು ಕಿರಿಯುವ ಗಂಡಸು ಎಂದು ಊರೂರು ಬೈಯಿತು. ಮಹಾದೇವಿಯವರು ಸಂಬಂಧ ಬೇಡವೆಂದರು. ಮಕ್ಕಳ ತಾಯಂದಿರು ತಕರಾರು ಮಾಡಿದರೆಂದು ಶಾಲೆಯವರು ಫಕೀರಪ್ಪನವರನ್ನು ಕೆಲಸದಿಂದ ಬಿಡಿಸಿದರು. ಪೂರ್ತಿ ಕಂತು ಇನ್ನೂ ಹೊರಬಂದಿರಲಿಲ್ಲ; ತಿದ್ದಬಹುದಿತ್ತು. ಪ್ರೋಮೋಗೆ ಹೊಂದಲೆಂದು ಅದರಲ್ಲೂ ಆ ನಗುವನ್ನೇ ಇಟ್ಟೆ.

ಆಗ ಫಕೀರಪ್ಪನವರ ಫೋನ್ ಬಂತು. "ಅಕ್ಕಾರ, ನಾ ಅವಾಗ ನಕ್ಕಿದ್ನೇನ್ರಿ? ನನಗ ನೆನಪಾಗವಲ್ದು. ನೀವು ನೋಡೀರಿ, ಹೇಳ್ರಿ."

ನಾನು ಹೇಳಿದೆ: "ವಿಡಿಯೋದಾಗ ಐತಲ್ರಿ."

"ಹೌದ್ರಿ... ಐತಿ" ಎಂದು ಫೋನ್ ಇಟ್ಟರು.

ಈ ವರ್ಷ ಮತ್ತೆ ಮರುಮದುವೆಯ ಬಗ್ಗೆ ಚರ್ಚೆ ಇಟ್ಟೆವು. ಮಹಾದೇವಿಯವರನ್ನು ಕರೆಯಲು ನಾನೇ ಫೋನ್ ಮಾಡಿದೆ. "ನಾ ಬರೂದಿಲ್ರಿ" ಎಂದರು. "ಆ ಮನಷ್ಯಾನ ಮ್ಯಾಲ ನನಗೀಗ ಸಿಟ್ಟಿಲ್ಲ. ಮನಿತನಕ ಬಂದು ಮಾಫಿ ಕೇಳಿದ್ರು. ನಕ್ಕದ್ದು ಖರೇ, ಯಾಕ ನಕ್ಕೆ ನನಗ ತಿಳೀವಲ್ದು ಅಂದ್ರು."

ಮಾಡದ ತಪ್ಪನ್ನು ಆ ಮನುಷ್ಯ ತನ್ನದೆಂದು ನಂಬಿಬಿಟ್ಟಿದ್ದರು — ನನ್ನ ಒಂದು ಮಾತಿನಿಂದ.

ಮರುದಿನವೇ ಹಳೆಯ ರೆಕಾರ್ಡಿಂಗ್ ಹಿಡಿದು ಸವದತ್ತಿಗೆ ಹೋದೆ. ಮಹಾದೇವಿಯವರು ಕತ್ತರಿಸದ ಆ ಭಾಗವನ್ನು ಎರಡು ಸಲ ನೋಡಿದರು. ಟವೆಲ್ ಕಣ್ಣಿಗೆ ಹೋದಲ್ಲಿ ಬೆರಳಿಟ್ಟು ವಿಡಿಯೋ ನಿಲ್ಲಿಸಿದರು.

"ಅವರಿಗೆ ತೋರ್ಸೀರೇನು?"

"ಇಲ್ರಿ."

"ಮತ್ತ ಇಲ್ಲಿ ಯಾಕ ಕುಂತೀರಿ? ಏಳ್ರಿ."

ಅಲ್ಲಿಂದಲೇ ರಾಮದುರ್ಗಕ್ಕೆ ಹೋದೆ. ಫಕೀರಪ್ಪ ಈಗ ಸರಕಿನ ಟೆಂಪೋ ಓಡಿಸುತ್ತಾರೆ. ಎರಡು ವರ್ಷದ ಹಿಂದೆ ಮದುವೆಯಾಗಿದೆ. ಹೆಂಡತಿ ಚಹಾ ತಂದಿಟ್ಟರು. ಎಲ್ಲ ಹೇಳಿದೆ, ತೋರಿಸಿದೆ. ಅವರು ಬೈಯಲಿಲ್ಲ. "ಭಾಳ ದಿನ ಕನ್ನಡ್ಯಾಗ ನೋಡ್ಕೊಂಡೇನ್ರಿ," ಎಂದರು, "ನನ್ನ ಮಾರೀನ ಹಂಗ ಐತೇನೋ ಅಂತ."

ಕ್ಷಮೆ ಕೇಳಿದೆ. ಅವರ ಹೆಂಡತಿಯೇ ಬಾಗಿಲಲ್ಲಿ ನಿಂತು ಹೇಳಿದರು: "ನಮಗ ತೋರ್ಸಿದ್ರ ಏನಾತ್ರಿ? ನೋಡಿ ಬೈದವ್ರಿಗೆ ತೋರಿಸ್ರಿ."

ಮಾಲೀಕರು ಬೇಡವೆಂದರು, ಕಂಪನಿಯ ಹೆಸರು ಕೆಡುತ್ತದೆಂದು. ಕೆಲಸ ಬಿಟ್ಟೆ. ಫಕೀರಪ್ಪ, ಮಹಾದೇವಿ ಇಬ್ಬರನ್ನೂ ಕೇಳಿ, ಕತ್ತರಿಸದ ಆ ಭಾಗವನ್ನು ನಿನ್ನೆ ನನ್ನ ಹೆಸರಿನಲ್ಲೇ ಹಾಕಿದೆ; ಮಾಡಿದ್ದೇನು ಎಂಬುದನ್ನು ಕೆಳಗೆ ಬರೆದೆ. ಅಂದು ನೋಡಿದಷ್ಟು ಜನ ಇದನ್ನು ನೋಡುವುದಿಲ್ಲ. ಅದು ನನಗೆ ಗೊತ್ತು — ಜನ ಏನು ನೋಡುತ್ತಾರೆ ಎಂದು ತಿಳಿದಿರುವುದೇ ನನ್ನ ಕೆಲಸವಾಗಿತ್ತು.