ನಾಗರತ್ನ ಕೇಳಿದ ಸ್ಟ್ರಾಂಗ್ ಸೀರಮ್

2024ರ ಆಗಸ್ಟ್ 5ರ ಸೋಮವಾರ, ಶ್ರಾವಣದ ಮೊದಲ ದಿನ, ನಲವತ್ತೊಂದು ವರ್ಷದ ನಾಗರತ್ನ ಎಂಬುವರು ಮುಖದ ಮೊಡವೆಗೆ ಇನ್ನಷ್ಟು ಸ್ಟ್ರಾಂಗ್ ಆದ ಸೀರಮ್ ಬರೆಸಿಕೊಳ್ಳಲು ಜಯನಗರದ ನನ್ನ ಕ್ಲಿನಿಕ್‌ಗೆ ಬಂದರು. ನಾನು ಸೀರಮ್ ಬರೆಯಲಿಲ್ಲ. ಎರಡು ರಕ್ತಪರೀಕ್ಷೆ ಬರೆದೆ.

ಚರ್ಮವೈದ್ಯೆಯಾಗಿ ಆಗ ನನಗೆ ಇಪ್ಪತ್ತಾರು ವರ್ಷದ ಅನುಭವವಿತ್ತು. ಇಲ್ಲಿ ಬರುವ ಮೂವರ ಹೆಸರನ್ನೂ ಬದಲಿಸಿದ್ದೇನೆ. ಉಳಿದದ್ದನ್ನು ಬರೆಯಲು ಅವರ ಒಪ್ಪಿಗೆ ಇದೆ.

ಆ ಹೊತ್ತಿಗೆ ದಿನಕ್ಕೆ ನಾಲ್ಕೈದು ಮಂದಿಯಾದರೂ ಕೈಚೀಲದಿಂದ ಪುಟ್ಟ ಗಾಜಿನ ಬಾಟಲಿಯೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಇಡುತ್ತಿದ್ದರು. ನಿಯಾಸಿನಮೈಡ್ ಸೀರಮ್. ನಿಯಾಸಿನಮೈಡ್ ಎಂದರೆ ಬಿ3 ವಿಟಮಿನ್‌ನ ಒಂದು ರೂಪ. ಮುಖಕ್ಕೆ ಹಚ್ಚಿದರೆ ಜಿಡ್ಡು ಸ್ವಲ್ಪ ಕಡಿಮೆಯಾಗುತ್ತದೆ, ಮೊಡವೆಯ ಕೆಂಪು ತಗ್ಗುತ್ತದೆ, ಚರ್ಮದ ಹೊರಪದರ ಗಟ್ಟಿಯಾಗುತ್ತದೆ. ಐದು ಪರ್ಸೆಂಟ್ ಸಾಮಾನ್ಯವಾಗಿ ಸಾಕು. ಹತ್ತನ್ನೂ ಬಹಳ ಮಂದಿಯ ಚರ್ಮ ತಡೆದುಕೊಳ್ಳುತ್ತದೆ. ಅದಕ್ಕಿಂತ ಮೇಲೆ ಹೋದರೆ ಲಾಭಕ್ಕಿಂತ ಉರಿಯೇ ಜಾಸ್ತಿ. ನಾನೂ ಈ ಸೀರಮ್ ಬರೆದುಕೊಡುತ್ತೇನೆ. ನಾಗರತ್ನ ಅವರ ವಿಷಯದಲ್ಲಿ ಸೀರಮ್‌ನಿಂದ ಯಾವ ತಪ್ಪೂ ಆಗಲಿಲ್ಲ. ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ತೊಂದರೆ ಇದ್ದದ್ದೂ ಅದರಲ್ಲೇ.

ಅವರ ಜೊತೆ ಗಂಡ ಮುನಿರಾಜು ಮತ್ತು ಬಿ.ಕಾಂ. ಓದುತ್ತಿದ್ದ ಮಗಳು ಹರ್ಷಿತಾ ಬಂದಿದ್ದರು. ಮುನಿರಾಜು ಅರೆಕೆರೆಯ ಹಳೆಯ ಕುಟುಂಬದವರು. ಹಿಂದೆ ಅವರ ರಾಗಿ ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳಿವೆ. ಗಂಡಹೆಂಡತಿ ಸೇರಿ ಜೆ.ಪಿ. ನಗರದಲ್ಲಿ ಕಾಂಡಿಮೆಂಟ್ಸ್ ಅಂಗಡಿ ನಡೆಸುತ್ತಿದ್ದರು. ಮುಂದುಗಡೆ ಮಾರಾಟ, ಹಿಂದುಗಡೆ ಬಾಣಲೆಗಳು. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಎಲ್ಲ ನಾಗರತ್ನ ಅವರ ಕೈಯಲ್ಲೇ ಬೇಯಬೇಕು.

ಮೊದಲು ಮಾತಾಡಿದವಳು ಹರ್ಷಿತಾ.

“ಮೇಡಂ, ಟೆನ್ ಪರ್ಸೆಂಟ್ ಫೆಬ್ರವರಿಯಿಂದ ಹಚ್ತಿದ್ದೀವಿ. ಫಸ್ಟು ಸಖತ್ತಾಗಿ ವರ್ಕ್ ಆಯ್ತು. ಈಗ ಸ್ಟಕ್ ಆಗ್ಬಿಟ್ಟಿದೆ. ಟ್ವೆಂಟಿ ಪರ್ಸೆಂಟ್ ಇದ್ಯಂತಲ್ಲ, ಅದನ್ನ ಬರ್ಕೊಡಿ.”

“ಮದುವೆ ಹೆಣ್ಣಿಗೂ ಇಷ್ಟು ಮಾಡಲ್ಲ ಮೇಡಂ, ಇವಳು ನಂಗೆ ಮಾಡ್ತಾಳೆ,” ಎಂದರು ನಾಗರತ್ನ.

ನಾನು ಬರೆಯುತ್ತಿದ್ದವಳು ತಲೆಯೆತ್ತಿದೆ. ಅದು ಗಂಡಸಿನ ಧ್ವನಿಯಂತಿತ್ತು.

“ಶೀತ ಆಗಿದ್ಯಾ?”

“ಇಲ್ಲ ಮೇಡಂ. ಎಣ್ಣೆ ಹೊಗೆ. ದಿನಾ ನಾಕು ಬಾಣ್ಲಿ ಮುಂದೆ ನಿಂತ್ಕೊಂಡ್ರೆ ಗಂಟ್ಲು ಇನ್ನೇನಾಗುತ್ತೆ?”

ಮುನಿರಾಜು ನಕ್ಕರು. “ಫೋನಲ್ಲಿ ಆರ್ಡರ್ ಕೊಡೋರೆಲ್ಲ ಇವಳನ್ನ ‘ಅಣ್ಣಾ’ ಅಂತಾರೆ ಮೇಡಂ. ಒಂದ್ ಲೆಕ್ಕಕ್ಕೆ ಒಳ್ಳೇದೇ ಆಯ್ತು, ಯಾರೂ ಚೌಕಾಸಿ ಮಾಡಲ್ಲ.”

“ನಿಮ್ಮ ಹತ್ರ ಮಾಡ್ತಾರಲ್ಲ, ಸಾಕು ಬಿಡಿ,” ಎಂದರು ನಾಗರತ್ನ. ಮೂವರೂ ನಕ್ಕರು.

ಆ ಮನೆಯಲ್ಲಿ ಎಲ್ಲಕ್ಕೂ ಒಂದೇ ಉತ್ತರವಿತ್ತು. ಮುಖ ಜಿಡ್ಡಾಗಿದ್ದು ಎಣ್ಣೆಯ ಹಬೆಯಿಂದ, ಧ್ವನಿ ಒಡೆದಿದ್ದು ಹೊಗೆಯಿಂದ, ಮುಂದಲೆಯ ಕೂದಲು ಉದುರಿದ್ದು ಒಲೆಯ ಶಾಖದಿಂದ. ಬಾಣಲೆ ಮುಂದೆ ಹದಿನೈದು ವರ್ಷ ನಿಂತವರಿಗೆ ಇದರಲ್ಲಿ ಅನುಮಾನ ಪಡಲು ಏನೂ ಇರಲಿಲ್ಲ. ಆದರೆ ಅಷ್ಟೂ ವರ್ಷ ಚೆನ್ನಾಗಿದ್ದ ಮುಖ ಕಳೆದ ಒಂದು ವರ್ಷದಲ್ಲೇ ಏಕೆ ಕೆಟ್ಟಿತು ಎಂದು ನಾನು ಕೇಳಿದೆ.

ಪರೀಕ್ಷೆ ಮಾಡಬೇಕೆಂದು ಗಂಡ, ಮಗಳನ್ನು ಹೊರಗೆ ಕಳಿಸಿದೆ. ಕೆನ್ನೆಗಿಂತ ದವಡೆ, ಎದೆ, ಬೆನ್ನಿನ ಮೇಲೆ ಮೊಡವೆ ಹೆಚ್ಚಿತ್ತು. ಹಣೆಯ ಎರಡೂ ಬದಿ ಕೂದಲು ಗಂಡಸರಲ್ಲಿ ಸರಿಯುವ ಹಾಗೆ ಹಿಂದೆ ಸರಿದಿತ್ತು. ಗಲ್ಲವನ್ನು ಮುಟ್ಟಿದಾಗ ಬೆರಳಿಗೆ ಒರಟು ಹತ್ತಿತು. ರಕ್ತದೊತ್ತಡ 168/104.

“ಪಾರ್ಲರ್‌ನಲ್ಲಿ ತ್ರೆಡಿಂಗ್ ಮಾಡಿಸ್ತೀರಾ?”

ಅವರು ಬಾಗಿಲ ಕಡೆ ನೋಡಿದರು. “ಮೊದಲು ಮಾಡಿಸ್ತಿದ್ದೆ ಮೇಡಂ. ಈಗ ದಿನಾ ಬರುತ್ತೆ. ಬೆಳಿಗ್ಗೆ ಇವರು ಏಳೋಕೆ ಮುಂಚೆ ಇವರ ರೇಜರ್‌ನಲ್ಲೇ ತಕ್ಕೊಂಬಿಡ್ತೀನಿ. ದಯವಿಟ್ಟು ಇವರಿಗೆ ಹೇಳ್ಬೇಡಿ.”

“ಮುಟ್ಟು ಸರಿಯಾಗಿ ಆಗ್ತಿದ್ಯಾ?”

“ನಿಂತು ಎಂಟು ತಿಂಗಳಾಯ್ತು. ನಮ್ಮಮ್ಮಂಗೂ ಬೇಗ ನಿಂತಿತ್ತು.”

ಹೊರಗೆ ಕಾಯುತ್ತಿದ್ದ ಹರ್ಷಿತಾಳನ್ನು ಕರೆದು, ಒಂದು ವರ್ಷದ ಹಿಂದಿನ ಫೋಟೋ ಏನಾದರೂ ಇದೆಯೇ ಎಂದು ಕೇಳಿದೆ. ಅವಳ ಬಳಿ ಅದಕ್ಕಿಂತ ಉತ್ತಮವಾದದ್ದಿತ್ತು. ಸೀರಮ್ ಹಚ್ಚಲು ಶುರು ಮಾಡಿದ ದಿನದಿಂದ ಪ್ರತಿ ಶನಿವಾರ ಅಮ್ಮನ ಮುಖದ ಚಿತ್ರ ತೆಗೆದಿದ್ದಳು. ‘ಬಿಫೋರ್-ಆಫ್ಟರ್’ ಮಾಡಿ ಗೆಳತಿಯರಿಗೆ ತೋರಿಸುವ ಉದ್ದೇಶದಿಂದ. ಒಂದೊಂದೇ ಸರಿಸುತ್ತಾ ಹೋದೆ. ಏಪ್ರಿಲ್ ಹೊತ್ತಿಗೆ ಹಣೆಯ ಹೊಳಪು ನಿಜಕ್ಕೂ ತಗ್ಗಿತ್ತು. ಅದೇ ಚಿತ್ರಗಳಲ್ಲಿ ಕೂದಲಿನ ಗೆರೆ ವಾರದಿಂದ ವಾರಕ್ಕೆ ಹಿಂದೆ ಹೋಗುತ್ತಿತ್ತು, ದವಡೆ ಅಗಲವಾಗುತ್ತಿತ್ತು. ನೋಡಬೇಕಾದ್ದು ಚರ್ಮ ಎಂದು ಮೊದಲೇ ನಿರ್ಧರಿಸಿದ್ದರಿಂದ ಉಳಿದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಡುವೆ ಎರಡು ವಿಡಿಯೊಗಳಿದ್ದವು. ಫೆಬ್ರವರಿಯದ್ದನ್ನು ಒತ್ತಿದೆ. ಸಣ್ಣ, ಚುರುಕಾದ ಹೆಂಗಸಿನ ಧ್ವನಿ: “ಹೋಗೇ ಆಕಡೆ, ಫೋನ್ ಬಾಣ್ಲಿಗೆ ಬಿದ್ರೆ ಅದೂ ಬೋಂಡ ಆಗುತ್ತೆ!” ಜುಲೈನದನ್ನು ಒತ್ತಿದೆ. “ಇನ್ನೂ ಎಷ್ಟ್ ಹಚ್ತೀಯೇ?” ಆ ಧ್ವನಿ ಬೇರೆ ಯಾರದೋ ಆಗಿತ್ತು.

ಹರ್ಷಿತಾ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಮೊದಲನೆಯದನ್ನು ಮತ್ತೆ ಹಾಕಿದಳು. ಮತ್ತೊಮ್ಮೆ ಹಾಕಿದಳು.

“ಅಮ್ಮಾ, ನೀನು ಹಿಂಗ್ ಮಾತಾಡ್ತಿದ್ಯಾ?”

ದಿನವೂ ಜೊತೆಯಲ್ಲಿರುವವರಿಗೆ ಧ್ವನಿ ಬದಲಾದದ್ದು ಕೇಳಿಸುವುದಿಲ್ಲ. ಹಳೆಯದು ಮರೆತೇ ಹೋಗಿರುತ್ತದೆ.

ಹೆಂಗಸರ ದೇಹದಲ್ಲೂ ಗಂಡಸರ ಹಾರ್ಮೋನ್ ಸ್ವಲ್ಪ ಇರುತ್ತದೆ. ಪಿಸಿಓಎಸ್ ಎಂಬ ಸಾಮಾನ್ಯ ತೊಂದರೆಯಲ್ಲಿ ಅದು ನಿಧಾನವಾಗಿ, ವರ್ಷಗಟ್ಟಲೆ ಏರುತ್ತದೆ. ಜಿಡ್ಡು, ಮೊಡವೆ, ರೋಮ ಬರುತ್ತವೆ, ಧ್ವನಿ ಮಾತ್ರ ಬದಲಾಗುವುದಿಲ್ಲ. ನಲವತ್ತು ದಾಟಿದ ಮೇಲೆ, ಕೆಲವೇ ತಿಂಗಳಲ್ಲಿ, ಧ್ವನಿಯನ್ನೂ ಸೇರಿಸಿ ಎಲ್ಲವೂ ಒಟ್ಟಿಗೆ ಬಂದರೆ ಎಲ್ಲೋ ಒಂದು ಗೆಡ್ಡೆ ಆ ಹಾರ್ಮೋನನ್ನು ತಯಾರಿಸುತ್ತಿರಬಹುದು. ಅಂಡಾಶಯದಲ್ಲಿ, ಇಲ್ಲವೇ ಅಡ್ರಿನಲ್ ಗ್ರಂಥಿಯಲ್ಲಿ. ಅಡ್ರಿನಲ್ ಎಂದರೆ ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಸಣ್ಣ ಗ್ರಂಥಿ. ಮುನಿರಾಜು ಅವರನ್ನೂ ಒಳಗೆ ಕರೆದು, ಹೆದರಿಸದಂತೆ, ಮುಚ್ಚಿಡದೆ, ಇಷ್ಟನ್ನು ಮೂವರಿಗೂ ಹೇಳಿದೆ. ರೇಜರ್ ವಿಷಯ ಹೇಳಲಿಲ್ಲ.

“ಆಯ್ತು ಮೇಡಂ, ಮಾಡಿಸ್ತೀನಿ,” ಎಂದರು ನಾಗರತ್ನ. “ಗಣೇಶನ ಹಬ್ಬ ಒಂದು ಆಗೋಗ್ಲಿ. ವರಮಹಾಲಕ್ಷ್ಮಿ, ಕೃಷ್ಣಾಷ್ಟಮಿ, ಗೌರಿ, ಎಲ್ಲಾದಕ್ಕೂ ಆರ್ಡರ್ ಹಿಡ್ಕೊಂಡಿದ್ದೀನಿ.”

“ಹಬ್ಬಕ್ಕೆ ಕಾಯೋ ವಿಷಯ ಅಲ್ಲ ಇದು.”

ಹರ್ಷಿತಾ ಅವತ್ತೇ ಅಮ್ಮನ ಕೈ ಹಿಡಿದು ಲ್ಯಾಬ್‌ಗೆ ಕರೆದೊಯ್ದು ರಕ್ತ ಕೊಡಿಸಿದಳು.

ಫಲಿತಾಂಶ ಬುಧವಾರ ಬಂತು. ಆ ಲ್ಯಾಬ್‌ನ ಪ್ರಕಾರ ಹೆಂಗಸರಲ್ಲಿ ಟೆಸ್ಟೋಸ್ಟಿರೋನ್ ಗರಿಷ್ಠ 60 ಇರಬಹುದು. ಇವರದು 342. ಅಡ್ರಿನಲ್ ಕಡೆ ಬೆರಳು ತೋರಿಸುವ ಇನ್ನೊಂದು ಹಾರ್ಮೋನ್ ಕೂಡ ಮಿತಿಯನ್ನು ಬಹಳ ದಾಟಿತ್ತು. ಕೂಡಲೇ ಫೋನ್ ಮಾಡಿದೆ.

“ನಾಗರತ್ನ ಅವರಿಗೆ ಸ್ವಲ್ಪ ಕೊಡಿ,” ಎಂದೆ.

“ನಾನೇ ಮೇಡಂ.”

ಹೊಟ್ಟೆಯ ಸಿ.ಟಿ. ಸ್ಕ್ಯಾನ್‌ಗೆ ಆಗಸ್ಟ್ 12ರ ಸೋಮವಾರ ಸಮಯ ಗೊತ್ತುಮಾಡಿಸಿದೆ. ಅವರು ಹೋಗಲಿಲ್ಲ. ಸ್ಕ್ಯಾನ್ ಕೇಂದ್ರದವರು ಮಾಡಿದ ಕರೆಗೆ ‘ಹಬ್ಬ ಆದ್ಮೇಲೆ’ ಎಂಬ ಉತ್ತರ ಬಂದಿತ್ತು. ಮಂಗಳವಾರ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅವರ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಮೂರು ದಿನ ಬಿಟ್ಟು ವರಮಹಾಲಕ್ಷ್ಮಿ. ಅಂಗಡಿಯ ಮುಂದೆ ಜನ ತುಂಬಿದ್ದರು. ಮುನಿರಾಜು ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದರು. ನಾಗರತ್ನ ಬಾಣಲೆಯಿಂದ ಚಕ್ಕುಲಿ ಎತ್ತುತ್ತಿದ್ದರು. ಕಟ್ಟೆಯ ಮೇಲಿದ್ದ ಫೋನ್ ಸ್ಪೀಕರ್‌ನಲ್ಲಿತ್ತು. ಯಾರೋ ಹೆಂಗಸು ಆರ್ಡರ್ ಹೇಳುತ್ತಿದ್ದರು: “ಅಣ್ಣಾ, ಕೋಡುಬಳೆ ಖಾರ ಜಾಸ್ತಿ ಬೇಡ, ಕಳೆದ ಸಲ ನಿಮ್ಮ ಮಿಸೆಸ್‌ಗೆ ಹೇಳಿದ್ದೆ.”

“ಹೂಂ, ಹೇಳ್ತೀನಿ,” ಎಂದು ನಾಗರತ್ನ ಫೋನ್ ಇಟ್ಟರು. ಈ ಸಲ ಮುನಿರಾಜು ನಗಲಿಲ್ಲ.

“ಯಾಕೆ ಹೋಗ್ಲಿಲ್ಲ?” ಎಂದು ಕೇಳಿದೆ.

“ಹೋದ್ರೆ ಏನೋ ಒಂದು ಅಂತಾರೆ ಮೇಡಂ. ಹಬ್ಬದಲ್ಲಿ ಅದನ್ನ ಕೇಳಿಸ್ಕೊಂಡು ನಾನು ಬಾಣ್ಲಿ ಮುಂದೆ ನಿಂತ್ಕೊಳಕ್ಕಾಗುತ್ತಾ?”

ಎತ್ತಿದ ಚಕ್ಕುಲಿಯನ್ನು ತಟ್ಟೆಗೆ ಸುರಿದರು. ಆಮೇಲೆ ಅವರೇ ಗಂಡನ ಕಡೆ ತಿರುಗಿದರು.

“ರೀ, ನಿಮ್ಮ ರೇಜರ್‌ನಲ್ಲಿ ನಾನು ದಿನಾ ಗಡ್ಡ ತಗೀತಿದ್ದೀನಿ.”

ಮುನಿರಾಜು ಹೆಂಡತಿಯ ಮುಖವನ್ನೇ ನೋಡುತ್ತಾ ನಿಂತರು. “ಬ್ಲೇಡು ಬೇಗ ಮೊಂಡಾಗ್ತಿದೆ ಅಂತ ಆ ಅಂಗಡಿಯವನ ಹತ್ರ ಹೋಗಿ ಜಗಳ ಆಡ್ಕೊಂಡ್ ಬಂದೆನಲ್ಲೇ,” ಎಂದರು. ಬಗ್ಗಿ ಒಂದೊಂದೇ ಒಲೆಯನ್ನು ಆರಿಸಿದರು. “ನಾಳೆ ಹೋಗೋಣ ಮೇಡಂ.”

ಆಗಸ್ಟ್ 14ರ ಸ್ಕ್ಯಾನ್‌ನಲ್ಲಿ ಎಡ ಅಡ್ರಿನಲ್ ಇರಬೇಕಾದ ಜಾಗದಲ್ಲಿ ಒಂಬತ್ತು ಸೆಂಟಿಮೀಟರ್‌ನ ಗೆಡ್ಡೆ ಕಾಣಿಸಿತು. ಗ್ರಂಥಿಯೇ ಹೆಬ್ಬೆರಳಿನಷ್ಟು. ಇದು ದೊಡ್ಡ ಮೂಸಂಬಿಯಷ್ಟಿತ್ತು. ಅಲ್ಲಿಂದ ಮುಂದೆ ನನ್ನ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಹಾರ್ಮೋನ್ ತಜ್ಞರು ಮೊದಲು ರಕ್ತದೊತ್ತಡವನ್ನು ಹತೋಟಿಗೆ ತಂದರು. ಸೆಪ್ಟೆಂಬರ್ 4ರಂದು, ಗೌರಿ ಹಬ್ಬಕ್ಕೆ ಎರಡು ದಿನ ಮೊದಲು, ಶಸ್ತ್ರಚಿಕಿತ್ಸೆ ನಡೆಯಿತು. ಗೆಡ್ಡೆ ಒಡೆಯದೆ ಪೂರ್ತಿಯಾಗಿ ಹೊರಬಂತು. ಆ ವರ್ಷ ಗಣೇಶನ ಹಬ್ಬಕ್ಕೆ ಅಂಗಡಿ ತೆರೆಯಲಿಲ್ಲ.

ಗೆಡ್ಡೆಯ ಪರೀಕ್ಷಾ ವರದಿಯಲ್ಲಿ ಕ್ಯಾನ್ಸರ್ ಎಂದಿತ್ತು. ಅಪರೂಪದ್ದು, ತೆಗೆದ ಮೇಲೂ ಮರಳಿ ಬರುವ ಸ್ವಭಾವದ್ದು. ಅದನ್ನು ತಡೆಯಲು ದಿನವೂ ಮಾತ್ರೆ, ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಎಂದು ಗೊತ್ತಾಯಿತು.

ನವೆಂಬರ್‌ನಲ್ಲಿ ನಾಗರತ್ನ ನನ್ನಲ್ಲಿಗೆ ಬಂದಾಗ ಮುಖ ತಿಳಿಯಾಗಿತ್ತು. ಹೊಸ ಮೊಡವೆ ಒಂದೂ ಇರಲಿಲ್ಲ. ಹಣೆಯ ಬದಿಯಲ್ಲಿ ಸಣ್ಣ ಕೂದಲು ಚಿಗುರಿತ್ತು. ಧ್ವನಿ ಮಾತ್ರ ಹಾಗೇ ಇತ್ತು. ಧ್ವನಿತಂತುಗಳು ಒಮ್ಮೆ ದಪ್ಪವಾದರೆ ಮತ್ತೆ ತೆಳ್ಳಗಾಗುವುದಿಲ್ಲ ಎಂದು ವಿವರಿಸಿದೆ.

“ಇರ್ಲಿ ಬಿಡಿ ಮೇಡಂ. ಚೌಕಾಸಿ ಇಲ್ವಲ್ಲ.”

ಹರ್ಷಿತಾ ಬ್ಯಾಗಿನಿಂದ ಸೀರಮ್ ಬಾಟಲಿ ತೆಗೆದಳು. “ಅರ್ಧ ಉಳ್ದಿದೆ ಮೇಡಂ. ಹಚ್ಬಹುದಾ?”

“ನೀನು ಹಚ್ಕೋ. ಅಮ್ಮನಿಗೆ ಬೇಡ.”

ಕಾರಣವನ್ನೂ ಹೇಳಿದೆ. ಗೆಡ್ಡೆ ಮತ್ತೆ ಬಂದರೆ ಸ್ಕ್ಯಾನ್‌ಗಿಂತ ಮೊದಲು ಮುಖವೇ ಸುಳಿವು ಕೊಡಬಹುದು. ಆ ಮುಖಕ್ಕೆ ಜಿಡ್ಡನ್ನು ತಗ್ಗಿಸುವ ಏನನ್ನೂ ಹಚ್ಚಬಾರದು. ಪ್ರತಿ ತಿಂಗಳ ಮೊದಲ ಶನಿವಾರ, ಎದ್ದ ಕೂಡಲೇ, ಮುಖ ತೊಳೆಯದೆ, ಒಲೆ ಹಚ್ಚುವ ಮೊದಲು, ಪ್ರತಿಸಲವೂ ಒಂದೇ ಟ್ಯೂಬ್‌ಲೈಟಿನ ಕೆಳಗೆ ಒಂದು ಚಿತ್ರ ತೆಗೆದು ನನಗೆ ಕಳಿಸಬೇಕು. ಹರ್ಷಿತಾ ತಪ್ಪಿಸದೆ ಕಳಿಸುತ್ತಾ ಬಂದಳು. ಅಂಗಡಿ ಸಂಕ್ರಾಂತಿಗೆ ಮತ್ತೆ ತೆರೆಯಿತು. 2025ರಲ್ಲಿ ಮಾಡಿಸಿದ ಸ್ಕ್ಯಾನ್‌ಗಳೆಲ್ಲ ಸರಿಯಾಗಿದ್ದವು.

ದೊಡ್ಡವರಲ್ಲಿ ಕಾಣುವ ಮೊಡವೆಗೆ ಬಹುಪಾಲು ಸಾಮಾನ್ಯ ಕಾರಣಗಳೇ ಇರುತ್ತವೆ, ಓದುಗರು ಗಾಬರಿಯಾಗಬೇಕಿಲ್ಲ. ನನ್ನ ಮೇಜಿನ ಮೇಲೆ ಈಗಲೂ ಅಂಥದೇ ಬಾಟಲಿಗಳು ಬಂದು ಕೂರುತ್ತವೆ. ಎಷ್ಟು ಪರ್ಸೆಂಟ್ ಎಂದು ಓದುವ ಮೊದಲು ಜಿಡ್ಡು ಯಾವಾಗ ಶುರುವಾಯಿತು, ಮುಟ್ಟು ಹೇಗಿದೆ ಎಂದು ಕೇಳುತ್ತೇನೆ. ಬಾಟಲಿ ಹಿಡಿದು ಬಂದವರನ್ನು ಸ್ವಲ್ಪ ಹೊತ್ತು ಮಾತಾಡಿಸುತ್ತೇನೆ. ನಾಗರತ್ನ ಅವರಿಂದ ನಾನು ಕಲಿತದ್ದು ಇದು.

ಈ ತಿಂಗಳ ಮೊದಲ ಶನಿವಾರವೂ ಚಿತ್ರ ಬಂತು. ನಾಗರತ್ನ ಅವರ ಹಣೆಯ ಮೇಲೆ, ಮೂಗಿನ ಎರಡೂ ಬದಿಯಲ್ಲಿ, ಹಿಂದಿನ ಚಿತ್ರಗಳಲ್ಲಿ ಇರದ ಹಾಗೆ, ಟ್ಯೂಬ್‌ಲೈಟಿನ ಬೆಳಕು ಹೊಳೆಯುತ್ತಿತ್ತು. ಕೆಳಗೆ ಹರ್ಷಿತಾ ಒಂದು ಸಾಲು ಬರೆದಿದ್ದಳು: “ಮೇಡಂ, ಒಲೆ ಇನ್ನೂ ಹಚ್ಚಿಲ್ಲ.”

ನಾಗರತ್ನ ಮತ್ತೆ ರಕ್ತ ಕೊಟ್ಟಿದ್ದಾರೆ. ಫಲಿತಾಂಶ ನಾಳೆ ಬರುತ್ತದೆ.