ಕೊಡವಿದಾಗ ಬಿದ್ದ ಹಳದಿ ಚೀಟಿ

ಬೆಳಿಗ್ಗೆ ಅತ್ತೆ ಮುಖ ಊದಿಸಿಕೊಂಡು ಕೂತಿದ್ದರು. ತೊಡೆಯ ಮೇಲೆ ಮುಚ್ಚಳದ ಬುಟ್ಟಿ, ಮುಚ್ಚಳದ ಸಂದಿಯಲ್ಲಿ ಎರಡು ಹಸಿರು ಕಣ್ಣು. ಮಾವ ತೀರಿಕೊಂಡ ತಿಂಗಳಲ್ಲಿ ಎಲ್ಲಿಂದಲೋ ಬಂದು ಅತ್ತೆಯ ಹಾಸಿಗೆಯಲ್ಲಿ ಕಾಲಿನ ಬದಿಗೆ ಮಲಗಿದ ಬೀದಿ ಬೆಕ್ಕು ಅದು. ಈಗ ಅದರ ಹೆಸರು ದೊರೆಸಾನಿ, ಮನೆಯಲ್ಲಿ ಅದರದ್ದೇ ದರ್ಬಾರು.

"ಏನೂ ಕಾಯಿಲೆ ಇಲ್ಲದ ಜೀವದ ಹೊಟ್ಟೆ ಕೊಯ್ಸೋದು ಯಾವ ನ್ಯಾಯವೇ?" ಎಂದರು ಅತ್ತೆ.

"ಅತ್ತೆ, ಹೋದ ಸಲದ ಮರಿಗಳಿಗೇ ಇನ್ನೂ ಮನೆ ಹುಡುಕ್ತಿದೀನಿ. ಬೀದಿಯೋರೆಲ್ಲ ನನ್ನ ಕಂಡ ತಕ್ಷಣ ಬಾಗಿಲು ಹಾಕ್ಕೋತಾರೆ," ಎಂದಳು ಸೊಸೆ, ಒಂದು ಕೈಯಲ್ಲಿ ಮಗುವಿನ ಮೂಗು ಒರೆಸುತ್ತಾ, ಇನ್ನೊಂದರಲ್ಲಿ ಬ್ಯಾಗಿನ ಜಿಪ್ಪು ಎಳೆಯುತ್ತಾ. "ಇನ್ನು ಮರಿ ಆಗದ ಹಾಗೆ ಸಣ್ಣ ಆಪರೇಷನ್ನು. ನಮ್ಮ ಕಾಲೇಜಿನ ಆಸ್ಪತ್ರೇಲಿ ದಿನಾ ಮಾಡ್ತಾರೆ."

"ನಿಮ್ಮ ಕಾಲೇಜು! ನೀನೇನು ಅಲ್ಲಿ ಡಾಕ್ಟ್ರಾ? ಪತ್ರಿಕೆ ಎಣಿಸೋಳು."

"ಎಣಿಸೋಳು ಅಂತಾನೇ ಇಷ್ಟು ಬೇಗ ದಿನ ಕೊಟ್ಟಿದ್ದು. ಧೈರ್ಯವಾಗಿ ಬನ್ನಿ, ನಾನು ಅಲ್ಲೇ ಇರ್ತೀನಲ್ಲ."

ಗಂಡ ಆಟೋ ಹಿಡಿದು ಅಮ್ಮನನ್ನೂ ಬುಟ್ಟಿಯನ್ನೂ ಆಸ್ಪತ್ರೆಗೆ ಬಿಡುವುದೆಂದು ಮಾತಾಗಿತ್ತು. ಅವಳು ಮಗುವನ್ನು ಪಕ್ಕದ ಮನೆಗೆ ಒಪ್ಪಿಸಿ ಬಸ್ಸು ಹತ್ತಿದಳು.

ಆ ಪಶುವೈದ್ಯ ಕಾಲೇಜಿನ ಗ್ರಂಥಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಎಲ್ಲರಿಗೂ ಅವಳು ಸಂಚಿಕೆ ಅಕ್ಕ. ಹೊರಗಿನಿಂದ ಬರುವ ಜರ್ನಲ್ಲುಗಳ ಹೊಸ ಸಂಚಿಕೆಗಳನ್ನು ಬರಮಾಡಿಕೊಳ್ಳುವುದು ಅವಳ ಕೆಲಸ. ಮಹಡಿಯ ಮೂಲೆಯ ಕೋಣೆಗೆ ಅಂಚೆಯ ಮೂಟೆ ಬರುತ್ತದೆ. ಅವಳು ಸುತ್ತಿದ ಕಾಗದವನ್ನು ಚೂರಿಯಿಂದ ಮೀನಿನ ಹೊಟ್ಟೆ ಸೀಳಿದ ಹಾಗೆ ಸರ್ರನೆ ಸೀಳಿ, ಸಂಪುಟ ಯಾವುದು, ಸಂಚಿಕೆ ಎಷ್ಟನೆಯದು ಎಂದು ನೋಡಿ, ಆ ಜರ್ನಲ್ಲಿನ ಕಾರ್ಡು ಎಳೆದು ಗುರುತು ಹಾಕಿ, ಮೊಹರು ಒತ್ತಿ, ಹಳೆಯದನ್ನು ಕೆಳಗೆ ಸರಿಸಿ ಹೊಸದನ್ನು ಓದುವ ಹಾಲಿನ ಸ್ಟ್ಯಾಂಡಿನಲ್ಲಿ ನಿಲ್ಲಿಸುತ್ತಾಳೆ. ಬರಬೇಕಾದದ್ದು ಬರದಿದ್ದರೆ ಕಾರ್ಡಿಗೆ ಕೆಂಪು ಪಟ್ಟಿ, ಕಳಿಸುವವರಿಗೆ ಜ್ಞಾಪನದ ಮೇಲೆ ಜ್ಞಾಪನ. ತಡವಾಗಿ ಬಂದ ಸಂಚಿಕೆಯನ್ನು ಅವಳು ಶಾಲೆ ತಪ್ಪಿಸಿಕೊಂಡು ಬಂದ ಮಗುವನ್ನು ಮಾತಾಡಿಸುವ ಹಾಗೆ ಮಾತಾಡಿಸುತ್ತಾಳೆ: "ಬಂದ್ಯಾ ತಾಯಿ? ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ?" ಮಾಸ್ತರುಗಳೂ ಏನು ಕಮ್ಮಿಯಿಲ್ಲ. "ಅಕ್ಕಾ, ಕೋಳಿ ರೋಗದ ಜರ್ನಲ್ ಕಾಣ್ತಿಲ್ಲ, ರೋಗ ಕೋಳಿಗೋ ಜರ್ನಲ್ಲಿಗೋ?" ಎಂದು ಬಾಗಿಲಲ್ಲೇ ನಿಂತು ರೇಗಿಸುತ್ತಾರೆ.

ಇದರ ನಡುವೆ ಇನ್ನೊಂದು ಸಣ್ಣ ಕೆಲಸವಿದೆ, ಕೊಡವುವುದು. ಜರ್ನಲ್ಲಿನ ಹೊಟ್ಟೆಯೊಳಗೆ ಚಂದಾ ಕಾರ್ಡು, ಸಮ್ಮೇಳನದ ಕರಪತ್ರ, ಔಷಧ ಕಂಪನಿಯ ಜಾಹೀರಾತು, ಏನೇನೋ ಬಿಡಿ ಹಾಳೆಗಳಿರುತ್ತವೆ. ಓದುವ ಹಾಲಿನಲ್ಲಿ ಅವು ಉದುರಿ ಕಸವಾಗುತ್ತವೆ ಎಂದು ಗ್ರಂಥಪಾಲಕಿ ದೊಡ್ಡ ಮೇಡಂಗೆ ಸಿಟ್ಟು. ಹಾಗಾಗಿ ಮೊಹರು ಒತ್ತುವ ಮೊದಲು ಪ್ರತಿ ಸಂಚಿಕೆಯ ಬೆನ್ನು ಹಿಡಿದು, ಕಸದ ಬುಟ್ಟಿಯ ಮೇಲೆ ತಲೆಕೆಳಗು ಮಾಡಿ, ಎರಡು ಸಲ ಜೋರಾಗಿ ಕೊಡವಬೇಕು. ಬಿದ್ದದ್ದೆಲ್ಲ ರದ್ದಿಗೆ. ಕಣ್ಣು ಕಾರ್ಡಿನ ಮೇಲಿದ್ದರೂ ಕೈ ತಾನಾಗಿ ಕೊಡವುವಷ್ಟು ಅವಳಿಗೆ ಅದು ಅಭ್ಯಾಸವಾಗಿತ್ತು.

ಅವತ್ತಿನ ಮೂಟೆಯಲ್ಲಿ ನಾಯಿ ಬೆಕ್ಕುಗಳ ಚಿಕಿತ್ಸೆಯ ಜರ್ನಲ್ಲಿನ ಹೊಸ ಸಂಚಿಕೆ ಬಂದಿತ್ತು. ಪುಟ ಹರಿದಿದೆಯೋ ಎಂದು ಮೊದಲ ಹಾಳೆ ತಿರುವಿದಳು. ಪರಿವಿಡಿಯ ಕೆಳಗೆ ಕಪ್ಪು ಚೌಕಟ್ಟಿನಲ್ಲಿ ನಾಲ್ಕು ಸಾಲು. ಹಿಂದಿನ ಸಂಚಿಕೆಯ ಇಂಥ ಪುಟದಲ್ಲಿ, ಬೆಕ್ಕುಗಳಿಗೆ ಆಪರೇಷನ್ನಿಗೆ ಮುಂಚೆ ಕೊಡುವ ನೋವಿನ ಇಂಜೆಕ್ಷನ್ನಿನ ಪಟ್ಟಿಯಲ್ಲಿ ದಶಮಾಂಶದ ಚುಕ್ಕೆ ತಪ್ಪು ಜಾಗದಲ್ಲಿ ಬಿದ್ದಿದೆ. ಅಚ್ಚಾಗಿರುವುದು ಸರಿಯಾದ ಪ್ರಮಾಣದ ಹತ್ತು ಪಟ್ಟು. ಸಂಚಿಕೆಯ ಜೊತೆಗೇ ಕಳಿಸಿದ ಹಳದಿ ತಿದ್ದುಪಡಿ ಚೀಟಿಯನ್ನು ಆ ಪುಟಕ್ಕೆ ಅಂಟಿಸದೆ ಯಾರೂ ಪಟ್ಟಿಯನ್ನು ಬಳಸಬಾರದು.

ಹಳದಿ ಚೀಟಿ.

ಅವಳ ಕೈ ನಿಂತಿತು. ಹೋದ ತಿಂಗಳು ಬುಟ್ಟಿಗೆ ತೇಲಿಕೊಂಡು ಬಿದ್ದ ಹಳದಿ ಹಾಳೆಯೊಂದು ಕಣ್ಣಿಗೆ ಕಟ್ಟಿತು. ಯಾವುದೋ ಸಮ್ಮೇಳನದ ಕರೆ ಎಂದುಕೊಂಡಿದ್ದಳು. ಅಂದುಕೊಂಡಿದ್ದಳು ಅಂತಲೂ ಹೇಳುವ ಹಾಗಿಲ್ಲ, ನೋಡಿಯೇ ಇರಲಿಲ್ಲ. ರದ್ದಿಯವನು ಆ ವಾರವೇ ಎತ್ತಿಕೊಂಡು ಹೋಗಿದ್ದ.

ಅವಳು ಓದುವ ಹಾಲಿಗೆ ಓಡಿದಳು. ಹಿಂದಿನ ಸಂಚಿಕೆಯನ್ನು ಸ್ಟ್ಯಾಂಡಿನಿಂದ ಕಿತ್ತುಕೊಂಡ ಕೂಡಲೇ ಅದು ತಾನಾಗಿ ಆ ಪುಟಕ್ಕೇ ತೆರೆದುಕೊಂಡಿತು. ಬೆನ್ನನ್ನು ಯಾರೋ ಗಾಜಿನ ಮೇಲೆ ಒತ್ತಿ ಮಟ್ಟಸ ಮಾಡಿದ್ದರು. ಪುಟ ಜೆರಾಕ್ಸ್ ಆಗಿದೆ! ಅತ್ತೆಗೆ ಫೋನು ಮಾಡಿದಳು, ಎತ್ತಲಿಲ್ಲ. ಅತ್ತೆಯ ಫೋನು ಯಾವಾಗಲೂ ಮನೆಯ ದಿಂಬಿನ ಕೆಳಗೆ. ಆಸ್ಪತ್ರೆಗೆ ಮಾಡಿದಳು, ಲೈನು ಬಿಜಿ. ಇನ್ನೊಮ್ಮೆ ಮಾಡಿದಳು, ಬಿಜಿ. ಎರಡೂ ಸಂಚಿಕೆಗಳನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು.

ಮೆಟ್ಟಿಲ ತಿರುವಿನಲ್ಲಿ ದೊಡ್ಡ ಮೇಡಂ ಎದುರಾದರು. "ಮೂಟೆ ಬಿಚ್ಚಿ ಹರಡಿಬಿಟ್ಟು ಸವಾರಿ ಎಲ್ಲಿಗೆ?"

"ಮೇಡಂ, ದಯವಿಟ್ಟು ಆಮೇಲೆ ಬೈಯಿರಿ."

ಕೆಳಗೆ ಜೆರಾಕ್ಸ್ ಅಣ್ಣ ಮಿಷನ್ನಿನ ಮೇಲೆ ಮೊಣಕೈಯೂರಿ ನಿಂತಿದ್ದ.

"ಅಣ್ಣಾ, ಈ ಪುಟ ಯಾರು ತೆಗೆಸಿದ್ದು?"

"ಅಯ್ಯೋ ಅಕ್ಕ, ನಾನೇನು ಪುಟದ ಮುಖ ನೋಡ್ತೀನಾ? ದಿನಕ್ಕೆ ರಾಶಿ ರಾಶಿ..."

"ನೋಡು ಅಣ್ಣಾ! ಬೆಕ್ಕಿನ ಚಿತ್ರ, ಪಕ್ಕದಲ್ಲಿ ಪಟ್ಟಿ!"

ಅವಳ ದನಿ ಕೇಳಿ ಅವನು ಮೊಣಕೈ ತೆಗೆದ. "ಹಾಂ, ಇದಾ? ಉದ್ದ ಜಡೆ ಡಾಕ್ಟ್ರಮ್ಮ. ಮೊನ್ನೆ ಅಲ್ವಾ ತೆಗೆಸಿದ್ದು. ದೊಡ್ಡದು ಮಾಡಿ, ಪ್ಲಾಸ್ಟಿಕ್ ಹೊದಿಸಿಕೊಡಿ ಅಂದ್ರು. ಆಪರೇಷನ್ ರೂಮಿನ ಗೋಡೆಗೆ ಹಾಕ್ತಾರಂತೆ. ಯಾಕಕ್ಕ, ಮಸುಕಾಗಿತ್ತಾ?"

ಅವಳು ಆಗಲೇ ಹೊರಬಾಗಿಲು ದಾಟಿದ್ದಳು.

ಗ್ರಂಥಾಲಯಕ್ಕೂ ಆಸ್ಪತ್ರೆಗೂ ನಡುವೆ ದನದ ಕೊಟ್ಟಿಗೆ, ಅದರಾಚೆ ಅಂಗಳ. ದಿನವೂ ಊಟದ ಹೊತ್ತಿಗೆ ಅಡ್ಡಾಡಿಕೊಂಡು ದಾಟುವ ಜಾಗ. ಚಪ್ಪಲಿಯ ಬಾರು ಕೊಟ್ಟಿಗೆಯ ಹತ್ತಿರವೇ ಕಿತ್ತುಹೋಯಿತು, ಅದನ್ನು ಅಲ್ಲೇ ಬಿಟ್ಟಳು. ಇನ್ನೂ ಸರದಿ ಬಂದಿರುವುದಿಲ್ಲ, ಎಂದು ತನಗೆ ತಾನೇ ಹೇಳಿಕೊಂಡಳು. ಆಟೋ ಸಿಕ್ಕಿರುವುದಿಲ್ಲ. ಅತ್ತೆ ಹಟ ಮಾಡಿ ಮನೆಯಲ್ಲೇ ಉಳಿದಿರುತ್ತಾರೆ. ಅತ್ತೆಯ ಹಟ ಗೆಲ್ಲಲಿ ಎಂದು ಅವಳು ಮದುವೆಯಾಗಿ ಬಂದ ಮೇಲೆ ಹಾರೈಸಿದ್ದು ಅದೇ ಮೊದಲು.

ಅತ್ತೆ ಆಸ್ಪತ್ರೆಯ ಬೆಂಚಿನ ಮೇಲಿದ್ದರು. ಬುಟ್ಟಿ ಖಾಲಿಯಿತ್ತು.

"ಎಲ್ಲಿ ಅತ್ತೆ?"

"ಒಳಗೆ ಕರ್ಕೊಂಡು ಹೋದ್ರು. ಒಂದು ಚುಚ್ಚಿದ್ರು, ನನ್ನ ಮುಖ ನೋಡ್ತಾ ನೋಡ್ತಾನೇ ಹಾಗೇ ವಾಲಿಬಿಟ್ಲು ಪಾಪ. ಏನೇ ಇದು, ಕಾಲಲ್ಲಿ ಒಂದೇ ಚಪ್ಪಲಿ?"

ಅಕ್ಕ ಒಳಗಿನ ಬಾಗಿಲನ್ನು ಎರಡೂ ಕೈಯಿಂದ ಬಡಿದಳು. ಉದ್ದ ಜಡೆಯ ಡಾಕ್ಟರು ಮುಖದ ಬಟ್ಟೆ ಇಳಿಸಿ ಇಣುಕಿದರು. ಹೋದ ವರ್ಷವಷ್ಟೇ ಓದು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗಿ. "ಸಂಚಿಕೆ ಅಕ್ಕ? ಈಗ ಒಳಗೆ ಬರೋ ಹಾಗಿಲ್ಲ..."

"ಗೋಡೆ ಮೇಲಿನ ಪಟ್ಟಿ ತಪ್ಪು. ಹತ್ತು ಪಟ್ಟು ಜಾಸ್ತಿ ಬಿದ್ದಿದೆ. ಇಲ್ನೋಡಿ, ಇಲ್ಲಿ!" ಚೌಕಟ್ಟಿನ ಮೇಲೆ ಬೆರಳಿಟ್ಟು ಹಿಡಿದಳು. ಬೆರಳು ಸಾಲುಗಳನ್ನೇ ಮುಚ್ಚಿದ್ದರಿಂದ ಡಾಕ್ಟರು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಓದಬೇಕಾಯಿತು.

ಓದಿದ ಮುಖ ಬಿಳಚಿಕೊಂಡಿತು. "ಪಟ್ಟಿ ನೋಡಿದಾಗ ಯಾಕೋ ಜಾಸ್ತಿ ಅನ್ನಿಸ್ತು," ಎಂದರು ಮೆಲ್ಲಗೆ. "ಅರ್ಧ ಮಾತ್ರ ಕೊಟ್ಟೆ."

"ಅಂದ್ರೆ?"

"ಅಂದ್ರೆ ಐದು ಪಟ್ಟು." ಅಷ್ಟು ಹೇಳಿ ತಿರುಗಿ ಒಳಗೆ ಕೂಗಿದರು, "ಸರ್! ಹೊಟ್ಟೆ ತೆರೀಬೇಡಿ!"

ಬಾಗಿಲು ಮುಚ್ಚಿಕೊಂಡಿತು. ಮುಚ್ಚುವ ಮೊದಲು ಕಂಡದ್ದಿಷ್ಟು: ಉಕ್ಕಿನ ಮೇಜಿನ ಮೇಲೆ ನೀರಲ್ಲಿ ನೆನೆದ ಕಾಲುಚೀಲದ ಹಾಗೆ ಬಿದ್ದ ದೊರೆಸಾನಿ, ಹಲ್ಲಿನ ಪಕ್ಕಕ್ಕೆ ಜಾರಿದ ನಾಲಿಗೆ. ನಾಲಿಗೆ ನೀಲಿಗಟ್ಟಿತ್ತು.

ಬೆಂಚಿಗೆ ಬಂದು ಕೂತಳು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಯಾವ ಪಟ್ಟಿ? ಯಾರ ತಪ್ಪು?"

ಅಚ್ಚು ಹಾಕಿದವರದು ಎಂದು ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ತಪ್ಪಾಗಿದೆ ಅಂತ ಅವರು ಚೀಟಿ ಕಳಿಸಿದ್ರು ಅತ್ತೆ. ನಾನು ಅದನ್ನ ಕಸ ಅಂತ ಬಿಸಾಕಿದೆ."

ಅತ್ತೆ ಅವಳ ಕಡೆ ತಿರುಗಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಬುಟ್ಟಿಯ ತಳದಲ್ಲಿ ಹಾಸಿದ್ದ ಹಳೇ ಸೀರೆಯ ತುಂಡನ್ನು ತೆಗೆದು, ಮಡಿಸಿ, ಬಿಡಿಸಿ, ಮತ್ತೆ ಮಡಿಸುತ್ತಾ ಕೂತರು.

ಕೊನೆಗೆ ಬಾಗಿಲು ತೆರೆಯಿತು. ಹಿರಿಯ ಡಾಕ್ಟರು ಬೋಳುತಲೆಯ ಬೆವರು ಒರೆಸಿಕೊಳ್ಳುತ್ತಾ ಬಂದರು. "ಎದುರುಮದ್ದು ಕೊಟ್ಟಿದೀವಿ. ಉಸಿರಾಟ ಸರಿಯಾಗ್ತಿದೆ. ಆದ್ರೆ ಕೇಳಿ ಅಮ್ಮ, ಎದುರುಮದ್ದು ಬೇಗ ಇಳಿದುಹೋಗುತ್ತೆ, ಮೊದಲು ಕೊಟ್ಟದ್ದು ಅಷ್ಟು ಬೇಗ ಇಳಿಯಲ್ಲ. ಉಸಿರು ಮತ್ತೆ ಕುಗ್ಗಿಹೋಗಬಹುದು. ಸಂಜೆವರೆಗೆ ಯಾರಾದ್ರೂ ಪಕ್ಕದಲ್ಲೇ ಕೂತು ಪಕ್ಕೆ ಮೇಲೆ ಕೈ ಇಟ್ಕೊಂಡಿರಬೇಕು. ನಿಧಾನ ಆಯ್ತು ಅನ್ನಿಸಿದ್ರೆ ಕೂಗಬೇಕು. ನಮ್ಮವರು ಇದಾರೆ, ಆದ್ರೆ ಬೇರೆ ಕೇಸುಗಳೂ ಇವೆ."

"ನಾನು ಕೂರ್ತೀನಿ," ಎಂದಳು ಅಕ್ಕ.

"ನೀನಾ?" ಎಂದರು ಅತ್ತೆ. ಆದರೆ ತಡೆಯಲಿಲ್ಲ.

ಪಕ್ಕದ ಕೋಣೆಯಲ್ಲಿ ಕಂಬಳಿಯ ಮೇಲೆ ದೊರೆಸಾನಿಯನ್ನು ಮಲಗಿಸಿದ್ದರು. ತೆರೆದ ಬಾಗಿಲಿನಾಚೆ ಆಪರೇಷನ್ ರೂಮಿನ ಗೋಡೆ ಕಾಣುತ್ತಿತ್ತು; ಅದರ ಮೇಲಿನ ಪಟ್ಟಿಯನ್ನು ಉದ್ದ ಜಡೆಯ ಡಾಕ್ಟರು ಆಗಲೇ ಕಿತ್ತುಹಾಕಿದ್ದರು, ಅಂಟಿನ ನಾಲ್ಕು ಗುರುತು ಮಾತ್ರ ಉಳಿದಿತ್ತು. ಅಕ್ಕ ಪಕ್ಕೆಯ ಮೇಲೆ ಅಂಗೈ ಇಟ್ಟಳು. ಹೆರಿಗೆಯಾದ ಹೊಸದರಲ್ಲಿ ಮಗು ಗಾಢವಾಗಿ ಮಲಗಿದಾಗೆಲ್ಲ ಹೆದರಿ, ಹೊದಿಕೆಯೊಳಗೆ ಕೈ ತೂರಿಸಿ, ಸಣ್ಣ ಎದೆ ಏರಿಳಿಯುವುದನ್ನು ಮುಟ್ಟಿ ನೋಡಿ, ಆಮೇಲೆ ತಾನು ಉಸಿರು ಬಿಡುತ್ತಿದ್ದಳು. ಈಗಲೂ ಹಾಗೆಯೇ ಆಯಿತು. ಬೆಕ್ಕು ಉಸಿರೆಳೆದರೆ ಅವಳೂ ಎಳೆಯುತ್ತಿದ್ದಳು, ಅದು ತಡೆದರೆ ಅವಳೂ ತಡೆಯುತ್ತಿದ್ದಳು.

ಮಧ್ಯಾಹ್ನ ಕಳೆಯುವಷ್ಟರಲ್ಲಿ ಒಂದು ಸಲ ಪಕ್ಕೆ ಇಳಿಯಿತು, ಏಳಲೇ ಇಲ್ಲ.

"ಡಾಕ್ಟ್ರೇ!"

ಉದ್ದ ಜಡೆಯವರು ಓಡಿ ಬಂದರು. ಸಿರಿಂಜು ಬೆಳಕಿಗೆ ಹಿಡಿದು ಅಳತೆಯನ್ನು ಬಾಯಿಬಿಟ್ಟು ಹೇಳಿದರು, ಹಿರಿಯ ಡಾಕ್ಟರು ಅದನ್ನೇ ತಿರುಗಿ ಹೇಳಿದ ಮೇಲೆ ಚುಚ್ಚಿದರು. ಮೂತಿಗೆ ಆಮ್ಲಜನಕದ ಕೊಳವೆ ಹಿಡಿದರು. ಅತ್ತೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಿದ್ದರು. ಅಕ್ಕನ ಅಂಗೈಯ ಕೆಳಗೆ ಏನೂ ಇಲ್ಲ, ಏನೂ ಇಲ್ಲ, ಬರೀ ಬೆಚ್ಚಗಿನ ರೋಮ. ಆಮೇಲೆ ಒಂದು ಸಣ್ಣ ಎಳೆತ. ಇನ್ನೊಂದು.

"ಬಂತು," ಎಂದಳು.

ಅಷ್ಟು ಹೊತ್ತಿಗೆ ಯಾರೋ ಹೇಳಿ ದೊಡ್ಡ ಮೇಡಂ ಬಂದರು. ಒಂದು ಕೈಯಲ್ಲಿ ಅಕ್ಕನ ಕಿತ್ತ ಚಪ್ಪಲಿ. ಅದನ್ನು ಕೆಳಗಿಟ್ಟು, ಚೌಕಟ್ಟಿನೊಳಗಿನ ನಾಲ್ಕು ಸಾಲನ್ನು ನಿಂತೇ ಓದಿದರು.

"ಕೊಡವಿದಾಗ ಬಿತ್ತಾ?"

"ಹೌದು ಮೇಡಂ."

ಕೊಡವು ಎಂದು ನಿಯಮ ಮಾಡಿದ್ದು ನೀವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೊಡವು ಎಂದಿದ್ದರೇ ಹೊರತು ಬಿದ್ದದ್ದನ್ನು ನೋಡಬೇಡ ಎಂದೇನೂ ಅವರು ಹೇಳಿರಲಿಲ್ಲ. ಮೇಡಂ ಸಂಚಿಕೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡರು.

"ಇದೇ ಜರ್ನಲ್ ತರಿಸೋ ಬೇರೆ ಗ್ರಂಥಾಲಯಗಳಿಗೆಲ್ಲ ನಾನೇ ಫೋನ್ ಮಾಡ್ತೀನಿ. ಅಲ್ಲೂ ಕೊಡವೋ ಕೈಗಳಿರುತ್ತೆ." ಹೊರಡುತ್ತಾ ತಿರುಗಿದರು. "ಬೈಯೋದು ನಾಳೆಗೆ ಬಾಕಿ ಇದೆ, ತಪ್ಪಿಸ್ಕೋಬೇಡ."

ಬಿಸಿಲು ಕಿಟಕಿಯಿಂದ ಗೋಡೆಗೆ ಹತ್ತಿತು. ಅತ್ತೆ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. "ಕೈ ಜೋಮು ಹಿಡಿದಿರುತ್ತೆ. ಆಚೆ ಸರಿ, ನಾನು ಇಡ್ತೀನಿ."

"ಬೇಡ ಅತ್ತೆ. ಈಗ ಈ ಕೈಗೆ ಲಯ ಸಿಕ್ಕಿದೆ."

"ಹಟ ನೋಡು. ಅದು ಯಾರಿಂದ ಕಲಿತ್ಯೋ."

"ಮನೇಲೇ ಕಲಿತೆ."

ಅತ್ತೆ ನಗಲಿಲ್ಲ. ಆದರೆ ಸೀರೆಯ ತುಂಡನ್ನು ತಂದು ಬೆಕ್ಕಿಗೆ ಹೊದಿಸಿದರು. ಅದು ಸ್ವಲ್ಪ ಉದ್ದವಾಗಿ ಅಕ್ಕನ ಮೊಣಕೈಯನ್ನೂ ಮುಚ್ಚಿತು. ಅತ್ತೆ ಅದನ್ನು ಸರಿಮಾಡಲು ಹೋಗಲಿಲ್ಲ.

ಹೊರಗೆ ಕೊಟ್ಟಿಗೆಗೆ ದನಗಳನ್ನು ಹೊಡೆದುಕೊಂಡು ಬರುವ ಹೊತ್ತಿಗೆ ದೊರೆಸಾನಿಯ ಕಿವಿಯೊಂದು ಅಲುಗಿತು. ಕಣ್ಣು ಸೀಳಿನಷ್ಟು ತೆರೆಯಿತು. ತನ್ನ ಮೈಮೇಲೆ ಇಷ್ಟು ಹೊತ್ತಿನಿಂದ ಯಾರದೋ ಕೈಯಿದೆ ಎಂಬುದು ಮೆಲ್ಲಗೆ ಅದಕ್ಕೆ ಹೊಳೆದಿರಬೇಕು. ಕತ್ತು ತಿರುಗಿಸಿ, ಇದ್ದ ಬದ್ದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು, ಅಕ್ಕನ ಹೆಬ್ಬೆರಳಿನ ಬುಡಕ್ಕೆ ಕಚಕ್ಕನೆ ಹಲ್ಲು ನೆಟ್ಟಿತು.

"ಅಮ್ಮಾ!"

"ಕಚ್ಚಿದ್ಲು!" ಎಂದು ಅತ್ತೆ ಎದ್ದು ನಿಂತು ಕೂಗಿದರು. "ಡಾಕ್ಟ್ರೇ, ಕಚ್ಚಿದ್ಲು, ನನ್ನ ದೊರೆಸಾನಿ ಕಚ್ಚಿದ್ಲು!" ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳುವ ವ್ಯವಧಾನವೂ ಅವರಿಗಿರಲಿಲ್ಲ.

ಉದ್ದ ಜಡೆಯವರು ಬಂದು ಬೆಕ್ಕಿನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಮೊದಲ ಸಲ ಗಟ್ಟಿಯಾಗಿ ನಕ್ಕರು. "ಇಷ್ಟು ಸಿಟ್ಟು ಬಂತು ಅಂದ್ರೆ ಇನ್ನು ಭಯ ಇಲ್ಲ. ಅಕ್ಕ, ನೀವು ಆ ಗಾಯ ಸೋಪು ಹಾಕಿ ಚೆನ್ನಾಗಿ ತೊಳ್ಕೊಳ್ಳಿ. ಈಗಲೇ ಮನುಷ್ಯರ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸ್ಕೊಳ್ಳಿ."

ಅತ್ತೆ ಸೊಸೆಯ ಮಣಿಕಟ್ಟು ಹಿಡಿದು ಮೂಲೆಯ ನಲ್ಲಿಯ ಹತ್ತಿರ ಎಳೆದುಕೊಂಡು ಹೋದರು. ನೀರು ಬಿಟ್ಟು, ಸೋಪು ಉಜ್ಜಿ, ಗಾಯವನ್ನು ಒತ್ತಿ ಒತ್ತಿ ತೊಳೆಯತೊಡಗಿದರು, ಒಂದಿಷ್ಟೂ ಕರುಣೆಯಿಲ್ಲದೆ.

"ಉರಿಯುತ್ತೆ ಅತ್ತೆ!"

"ಉರೀಲಿ. ಇನ್ನೂ ಸ್ವಲ್ಪ ಆಳಕ್ಕೆ ಕಚ್ಚಬೇಕಿತ್ತು ಅವಳು." ತಿರುಗಿಸಿ ಇನ್ನೊಂದು ಬದಿ ತೊಳೆದರು. "ನಾನೂ ಬರ್ತೀನಿ ಆಸ್ಪತ್ರೆಗೆ. ಅಲ್ಲಿ ಗೋಡೆ ಮೇಲೆ ಏನೇನು ಅಂಟಿಸಿದಾರೋ, ಮೊದಲು ನೋಡ್ಬೇಕು."