ಹೂದಾನಿಗೆ ಬಿದ್ದ ಓಟುಗಳು

ಇಸ್ತ್ರಿ ಅಕ್ಕನ ಗಂಡ ಬಸ್ ಕಂಡಕ್ಟರ್. ಮನುಷ್ಯ ಒಳ್ಳೆಯವನೇ, ಬಾಯಿ ಮಾತ್ರ ತುಸು ದೊಡ್ಡದು. ಹೆಂಡತಿ ಚಿತ್ರ ಬಿಡಿಸುತ್ತಾಳೆಂದು ಊರಿಗೆಲ್ಲ ಸಾರುವ ಈ ಮಹಾಶಯ, ಆ ಚಿತ್ರಗಳ ಮುಂದೆ ಒಂದು ದಿನವೂ ನಿಂತವನಲ್ಲ.

ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು. ಮಡಿಸಿದ ಅಂಗಿಯೊಳಗೆ ಇಡುವ ರಟ್ಟುಗಳಲ್ಲಿ ಮೂಲೆ ಮುರಿದವನ್ನು ಮನೆಗೆ ತಂದು ಬಣ್ಣ ಹಚ್ಚುತ್ತಿದ್ದಳು. ಬಿಡಿಸುತ್ತಿದ್ದುದೂ ಬಟ್ಟೆಗಳನ್ನೇ. ಕಳಚಿಟ್ಟ ಬಟ್ಟೆಯಲ್ಲಿ ಮನುಷ್ಯ ಇನ್ನೂ ಸ್ವಲ್ಪ ಹೊತ್ತು ಉಳಿದಿರುತ್ತಾನೆ ಎಂಬುದು ಅವಳ ನಂಬಿಕೆ.

ಊರಿನ ಕಲಾಭವನದವರು ಆನ್‌ಲೈನ್ ಸ್ಪರ್ಧೆ ಇಟ್ಟರು. ಹೆಚ್ಚು ಓಟು ಬಿದ್ದ ಚಿತ್ರಕ್ಕೆ ಭವನದ ಗೋಡೆಯಲ್ಲಿ ಜಾಗ. ಪಕ್ಷಪಾತ ಬೇಡವೆಂದು ಚಿತ್ರದ ಕೆಳಗೆ ಹೆಸರು ಹಾಕಿರಲಿಲ್ಲ. ಅವಳು ಕಳಿಸಿದ್ದು ಗಂಡನದೇ ಖಾಕಿ ಅಂಗಿಯ ಚಿತ್ರ. ಅಂಗಿ ಮೊಳೆಗೆ ನೇತಾಡುತ್ತಿದೆ, ಚೀಲದ ಪಟ್ಟಿ ಉಜ್ಜಿ ಉಜ್ಜಿ ಒಂದು ಹೆಗಲು ಸವೆದಿದೆ, ತೋಳು ಇನ್ನೂ ಮೊಣಕೈಯಲ್ಲಿ ಬಾಗಿಯೇ ಇದೆ. ನಾಲ್ಕು ಜನ ನೋಡುವ ಗೋಡೆಗೆ ಏರಿದರೆ ಆಗಲಾದರೂ ಅವನು ನಿಂತು ನೋಡಿಯಾನು ಎಂಬುದೇ ಅವಳ ಆಸೆ.

"ಒಂದು ಚಿತ್ರ ಕಳ್ಸಿದೀನಿ ರೀ, ಓಟು ಹಾಕ್ತೀರಾ?"

"ಅದನ್ನೂ ಕೇಳ್ಬೇಕಾ? ಇಡೀ ಬಸ್ಸೇ ಹಾಕುತ್ತೆ, ನೋಡ್ತಿರು!"

ಯಾವ ಚಿತ್ರ ಎಂದು ಅವನು ಕೇಳಲಿಲ್ಲ. ನೋಡಿದರೆ ತಿಳಿಯದೇ ಇರುತ್ತದೆಯೇ ಎಂದು ಅವಳೂ ಹೇಳಲಿಲ್ಲ.

ಶುರುವಾಯಿತು ಪ್ರಚಾರ. ಒಂದು ಕೈಯಲ್ಲಿ ಟಿಕೆಟ್, ಇನ್ನೊಂದು ಕೈಯಲ್ಲಿ ಮೊಬೈಲು. "ನಮ್ಮನೆಯವಳ ಚಿತ್ರ, ಓಟ್ ಹಾಕಿ!" ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರನ್ನೂ ಬಿಡಲಿಲ್ಲ ಪುಣ್ಯಾತ್ಮ.

ಫಲಿತಾಂಶ ಬಂದ ಸಂಜೆ ಬಾಗಿಲಲ್ಲೇ ಕೂಗಿದ. "ಏ, ಗೆದ್ಬಿಟ್ಟೆ ಕಣೇ!"

ಅವನು ಚಾಚಿದ ಮೊಬೈಲಿನಲ್ಲಿ ಗಾಜಿನ ಹೂದಾನಿಯೊಂದಿತ್ತು, ಅದರ ತುಂಬ ಕೆಂಪು ಹೂಗಳು.

"ಇದು ನಂದಲ್ಲ ರೀ."

"ಅಲ್ವಾ? ಹೆಂಗಸರು ಬಿಡಿಸಿದ್ದು ಹೂವೇ ಇರುತ್ತೆ ಅಂದ್ಕೊಂಡೆ. ಹಾಗಾದ್ರೆ ನಿಂದು ಯಾವ್ದು?"

ಅವಳು ತೋರಿಸಿದಳು.

"ಅಯ್ಯೋ, ಇದಾ! ಯಾರಪ್ಪಾ ಹಳೇ ಅಂಗಿ ಬಿಡ್ಸಿರೋದು ಅಂತ ಬಸ್ಸಲ್ಲಿ ಎಲ್ಲಾ ನಕ್ಕಿದ್ವಿ…" ಎಂದವನು ನಾಲಿಗೆ ಕಚ್ಚಿಕೊಂಡ.

ಅವಳಿಗೆ ಅಳು ಒತ್ತರಿಸಿ ಬಂತು. ಸೋತದ್ದಕ್ಕಲ್ಲ. "ಯಾರ ಅಂಗಿ ಅಂತನೂ ಗೊತ್ತಾಗ್ಲಿಲ್ವಾ?" ಎಂದಷ್ಟೇ ಕೇಳಿ ಒಳಗೆ ಹೋದಳು. 

ಮರುದಿನ ಲಾಂಡ್ರಿಗೆ ಹೋಗಲು ಅವನ ಬಸ್ಸನ್ನೇ ಹತ್ತಬೇಕಾಯಿತು. ದಿನಾ ಬರುವ ಮೇಷ್ಟ್ರು ಎದ್ದು ನಿಂತು, "ಕಂಡಕ್ಟ್ರೇ, ನಿಮ್ಮನೆಯವರ ಹೂವು ಗೆಲ್ತಲ್ಲ!" ಎಂದರು. ಬಸ್ಸೆಲ್ಲ ಚಪ್ಪಾಳೆ. ಅವಳು ಕಿಟಕಿಯತ್ತ ಮುಖ ತಿರುಗಿಸಿದಳು. ಅವನು ಥ್ಯಾಂಕ್ಸ್ ಹೇಳಿ ಮುಂದೆ ಹೋಗಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಕಂಡಕ್ಟರ್ ಗಂಟಲು ಸರಿಮಾಡಿಕೊಂಡ. "ಅದು ಇವಳದ್ದಲ್ಲ ಸಾರ್. ನಾವೆಲ್ಲ ನಕ್ವಲ್ಲ, ಆ ಅಂಗಿ ಇವಳದ್ದು. ಅಂದ್ರೆ, ಅಂಗಿ ನಂದು. ಬೆಳಿಗ್ಗೆ ಕೂತು ಸರಿಯಾಗಿ ನೋಡ್ದೆ. ಹೆಗಲು ಇಷ್ಟು ಸವೆದಿದೆ ಅಂತ ನಂಗೇ ಗೊತ್ತಿರ್ಲಿಲ್ಲ. ಇವಳಿಗೆ ಗೊತ್ತಿತ್ತು."

ಬಸ್ಸು ಸ್ಟಾಪಿನಲ್ಲೇ ನಿಂತಿತ್ತು. ಡ್ರೈವರ್ ತಿರುಗಿ ನೋಡಿದ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸಾಕು, ಈಗ ರೈಟ್ ಹೇಳ್ರೀ. ಜನಕ್ಕೆ ತಡ ಆಗುತ್ತೆ."